ಮೂರನೆಯ ದನಿ

ಕುತಾಯಿಸಿಯ ಈ ಕಟ್ಟಡದ ಲಿಫ್ಟು
ನಾಣ್ಯ ನುಂಗದೆ ಮೇಲೇರುವುದಿಲ್ಲ.
ಜೇಬು ತಡಕಿದೆ, ಇರಲಿಲ್ಲ.
ಏಳು ಮಹಡಿ ಹತ್ತಿ ಬಾಗಿಲು ಬಡಿದಾಗ
ನನ್ನ ಉಸಿರೂ ತುಂಡು ತುಂಡು.

ಗುಗೂಲಿ ಮಾತಿಗೆ ಮೊದಲು ತಟ್ಟೆ ಇಟ್ಟಳು,
ಒಣಗಿದ ಪರ್ಸಿಮನ್, ಒಂದು ಹಿಡಿ ಅಕ್ರೋಟು.
ಲಾರಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವಳು.
ಕಂಪ್ಯೂಟರು ಕಿಟಕಿಯ ಬದಿ
ಕಸೂತಿ ಬಟ್ಟೆ ಹೊದ್ದು ಕೂತಿತ್ತು,
ಬಂದು ಬಹಳ ದಿನವಾದ ನೆಂಟನ ಹಾಗೆ.
ಫ್ಯಾನಿನ ತುಂಬ ಬೆಕ್ಕಿನ ಕೂದಲು.
ಬೆಕ್ಕು ಸತ್ತು ನಾಲ್ಕು ವರ್ಷವಾಯಿತಂತೆ.

'ಕೇಳು' ಎಂದಳು, ಒತ್ತಿದಳು.
ಮೂವರು ಗಂಡಸರು; ಹಳೇ ಟೇಪಿನಿಂದ
ಯಾರೋ ಇಳಿಸಿಕೊಟ್ಟ ಹಾಡು.
ಮೊದಲ ದನಿ ಏರಿತು,
ಎರಡನೆಯದು ಅದರ ಹೆಗಲು ಹಿಡಿಯಿತು,
ಕೆಳಗಿನಿಂದ ಮೂರನೆಯದು ಬರುವ ಹೊತ್ತಿಗೆ
ಕ, ಕ, ಕರ್ರ್
ನಿಂತಿತು. ಹೊರಟಿತು. ಮತ್ತೆ ಎಡವಿತು
ಅಲ್ಲಿ ಇಲ್ಲದ ಹೊಸ್ತಿಲನ್ನು.

'ಮೇಲಿನದು ದೊಡ್ಡಣ್ಣ, ನಡುವಿನದು ಚಿಕ್ಕಣ್ಣ,
ಕೆಳಗಿನದು ನನ್ನ ತಮ್ಮ ಎಲ್ಗೂಜಾ.
ತೊದಲುತ್ತಿದ್ದ, ಹುಡುಗಾ.
ಅಂಗಡಿಯಲ್ಲಿ ಬ್ರೆಡ್ಡಿಗೂ ಬೆರಳು ತೋರಿಸುತ್ತಿದ್ದ.
ಹಾಡುವಾಗ ಮಾತ್ರ ಒಂದು ದಿನವೂ ಇಲ್ಲ, ಒಂದಕ್ಷರವೂ ಇಲ್ಲ.
ಈಗ ಈ ಡಬ್ಬ ಅವನನ್ನು ಹಾಡಿನಲ್ಲೂ...'
ಮುಗಿಸದೆ ತಟ್ಟೆಯನ್ನು ನನ್ನತ್ತ ತಳ್ಳಿದಳು.

ಸ್ಪೀಕರಿನ ವೈರು ಅಲುಗಿಸಿದೆ, ಎಲ್ಲರೂ ಮಾಡುವುದೇ.
ಒಳಗೆ ಮೂರು ಆಂಟಿವೈರಸ್ಸು, ಮೂರು!
ಒಂದರ ಮೇಲೊಂದಕ್ಕೆ ಗುಮಾನಿ. ಎರಡನ್ನು ಎಬ್ಬಿಸಿ ಕಳಿಸಿದೆ.
ಧೂಳು ಊದಿದೆ; ಬೆಕ್ಕು ಮೈಕೊಡವಿದಂತೆ ಕೂದಲು ಹಾರಿತು.
ಸೌಂಡ್ ಡ್ರೈವರ್ ಕಿತ್ತು ಮತ್ತೆ ನೆಟ್ಟೆ.
ಬಫರ್ ಹಿಗ್ಗಿಸಿದೆ.
ಕೊಡ ದೊಡ್ಡದಾದರೇನು, ಸೇದುವ ಕೈ ಸೋತಿದ್ದರೆ?
ಕ, ಕ, ಕರ್ರ್.

ದೀಪ ಹಚ್ಚುವ ಹೊತ್ತಿಗೆ ಕಂಡಿತು,
ಯಾರೂ ತೆರೆಯದ ಒಂದು ಪುಟದ ಮೂಲೆಯಲ್ಲಿ
ಮೂರಕ್ಷರ: ಪಿ, ಐ, ಓ.

ಗುಗೂಲಿಗೆ ಹೀಗೆ ಹೇಳಿದೆ:
ಹಾಡು ಇರುವುದು ಉಗ್ರಾಣದಲ್ಲಿ.
ಅಲ್ಲೊಬ್ಬ ಹಮಾಲಿ ಮೂಟೆ ಹೊತ್ತು ತರುತ್ತಿದ್ದ,
ಯಜಮಾನ ತನ್ನ ಪಾಡಿಗೆ ಲೆಕ್ಕ ನೋಡುತ್ತಿದ್ದ.
ಕರೆಂಟು ತುಯ್ದಾಡಿದ ಯಾವುದೋ ರಾತ್ರಿಗಳಲ್ಲಿ
ಆರು ಸಲ ಮೂಟೆ ಜಾರಿತು.
ಹಮಾಲಿಯನ್ನು ತೆಗೆದುಹಾಕಿದರು, ಕಾರಣ ಕೇಳಲಿಲ್ಲ.
ಅಂದಿನಿಂದ ಒಂದೊಂದು ಕಾಳನ್ನೂ
ಯಜಮಾನನೇ ಹೆಕ್ಕಿ ತರಬೇಕು,
ನಡುನಡುವೆ ಓಡಿಬಂದು ಹಾಡಲೂ ಬೇಕು.
ಏದುಸಿರು ಬಿಡದೆ ಏನು ಮಾಡಿಯಾನು?

ಲೆಕ್ಕದವಳು ಕೇಳಿದಳು:
'ಆರು ತಪ್ಪಿಗೆ ಎಷ್ಟು ವರ್ಷ?'
'ಆರೇಳು ಆಗಿರಬೇಕು.'
'ನಮ್ಮಲ್ಲೂ ಹೀಗೇ ಇತ್ತು' ಎಂದಳು,
ಅಕ್ರೋಟು ಒಡೆದಳು.

ಮದ್ದು ಸಣ್ಣದು. ಆ ಹಾದಿಯ ಹೆಸರನ್ನೇ ಅಳಿಸಿ
ಯಂತ್ರವನ್ನು ಆರಿಸಿ ಹೊತ್ತಿಸುವುದು.
ಎದ್ದಾಗ ಅದಕ್ಕೆ ಹಳೆಯ ದೂರು ನೆನಪಿರುವುದಿಲ್ಲ;
ಬಾಗಿಲಲ್ಲಿ ನಿಂತವನನ್ನು ಹೊಸಬನೆಂದು ತಿಳಿದು
'ಹೊರು' ಎನ್ನುತ್ತದೆ, ಅಷ್ಟೆ.
ಸವೆದ ಪಟ್ಟಿ ಕೇಬಲ್ಲನ್ನೂ ಬದಲಿಸಿದೆ,
ತಪ್ಪು ಅವನದಲ್ಲದೆಯೂ ಇದ್ದೀತೆಂದು.

ಮೊದಲ ದನಿ ಏರಿತು.
ಎರಡನೆಯದು ಹೆಗಲು ಹಿಡಿಯಿತು.
ಕೆಳಗಿನಿಂದ ಎಲ್ಗೂಜಾ ಬಂದ,
ಇಬ್ಬರನ್ನೂ ಹೊತ್ತು ನೆಲವೇ ಎದ್ದು ನಿಂತ ಹಾಗೆ.
ಹೊಸ್ತಿಲು ದಾಟಿದ. ದಾಟುತ್ತಲೇ ಇದ್ದ.

ಅಳುತ್ತಾಳೆಂದು ನಾನು ಗೋಡೆ ನೋಡಿದೆ.
ಗುಗೂಲಿ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದಳು.
'ಚಿಕ್ಕಣ್ಣ ಶ್ರುತಿ ಬಿಟ್ಟಿದ್ದಾನೆ.
ತುಂಡುಗಳಲ್ಲಿ ಇಷ್ಟು ದಿನ ಗೊತ್ತೇ ಆಗಿರಲಿಲ್ಲ.
ಅದಕ್ಕೂ ಏನಾದರೂ ಒತ್ತಬಹುದೇ?'
'ಇಲ್ಲ' ಎಂದೆ.
'ಇರಲಿ ಬಿಡು. ಹೇಳಿದರೂ ಕೇಳುತ್ತಿರಲಿಲ್ಲ ಅವನು.'

ಇಳಿಯಲು ಈ ಲಿಫ್ಟಿಗೆ ಕಾಸು ಬೇಡ.
ಆದರೂ ಇಪ್ಪತ್ತು ತೆತ್ರಿಯ ಬಿಲ್ಲೆಯೊಂದನ್ನು
ಅಂಗೈಗೆ ಒತ್ತಿದಳು, ಮುಂದಿನ ಸಲಕ್ಕೆ.
ಆರನೆಯದು, ಐದನೆಯದು ದಾಟುವಾಗ
ಉಳಿದಿಬ್ಬರೂ ಮೇಲೆಯೇ ಉಳಿದರು;
ನಾಲ್ಕನೆಯದರವರೆಗೂ ಗೋಡೆಯೊಳಗೆ ಬರುತ್ತಿದ್ದದ್ದು
ಆ ಕೆಳಗಿನ ದನಿ ಒಂದೇ.